5600ಜಿಗೆ ಕಡಿಮೆ ದುಡ್ಡಲ್ಲಿ ಚೆನ್ನಾಗಿ ಓವರ್‌ಕ್ಲಾಕ್ ಆಗುವ ರ‍್ಯಾಮ್ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಮಂಡ್ಯದಲ್ಲಿ ಓದುತ್ತಿದ್ದೀರಿ. ಎಎಂಡಿಯ ರೈಜನ್ 5 5600ಜಿ ಪ್ರೊಸೆಸರ್, ಬಿ450 ಬೋರ್ಡ್, 2666 ವೇಗದ 8 ಜಿಬಿ ಡಿಡಿಆರ್4 ರ‍್ಯಾಮ್ ಸ್ಟಿಕ್ ಒಂದೇ ಒಂದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 16 ಜಿಬಿ ಮಾಡಬೇಕು, ಓವರ್‌ಕ್ಲಾಕ್ ಚೆನ್ನಾಗಿ ಆಗಬೇಕು (ಬರೆದಿರುವ ವೇಗಕ್ಕಿಂತ ಜೋರಾಗಿ ಓಡಬೇಕು), ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಅಂಗಡಿಯಲ್ಲಿ 3600 ಅಂತ ಬರೆದಿರುವ ಕಿಟ್ ತೋರಿಸಿದ್ದಾರೆ, ಅದನ್ನೇ ತಗೊಳ್ಳಲಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಚಿಪ್ ಇರುವ 3200 ಸಿಎಲ್16 ಕಿಟ್ (3200 ವೇಗ; ಸಿಎಲ್ ಅಂದರೆ ಡೇಟಾ ಕೇಳಿದ ಮೇಲೆ ಕಾಯುವ ಹೆಜ್ಜೆಗಳು) ಹುಡುಕಿ, 8 ಜಿಬಿಯ ಎರಡು ಸ್ಟಿಕ್. ಮೈಕ್ರಾನ್ ರೆವ್ ಇ ಅಥವಾ ಹೈನಿಕ್ಸ್ ಸಿಜೆಆರ್, ಡಿಜೆಆರ್ ಅನ್ನುವ ಮಾದರಿಯ ಮೆಮೊರಿ ಚಿಪ್ ಒಳಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. 3600ಕ್ಕೆ ಏರಿಸುವ ಕೆಲಸ ನೀವೇ ಮನೆಯಲ್ಲಿ ಮಾಡಬಹುದು. ಬರೀ ಆ ಸಂಖ್ಯೆಗೋಸ್ಕರ ದುಡ್ಡು ಕೊಡಬೇಡಿ.

ನಾನು ಮೈಸೂರಿನವನು, ಕುವೆಂಪುನಗರ. ನಮ್ಮ ಮನೆಯಲ್ಲೂ ಇರುವುದು 5600ಜಿಯೇ. ನನ್ನದು, ತಂಗಿಯದು, ಪಕ್ಕದ ಮನೆ ಹುಡುಗನದು ಅಂತ ನಾಲ್ಕೈದು ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡಿದ್ದೇನೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಓವರ್‌ಕ್ಲಾಕ್ ಮಾತು ಆಮೇಲೆ. ನಿಮ್ಮ ಕಂಪ್ಯೂಟರ್ ಈಗ ಒಂಟಿಕಾಲಲ್ಲಿ ನಡೆಯುತ್ತಿದೆ. 5600ಜಿಯ ಒಳಗಿರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದೂ ನಿಮ್ಮ ರ‍್ಯಾಮ್‌ನಿಂದಲೇ ತಿನ್ನಬೇಕು. 2666ರ ಒಂದೇ ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಡೇಟಾ ಸಾಗಿಸಬಲ್ಲದು. 3200ರ ಎರಡು ಸ್ಟಿಕ್ ಹಾಕಿದರೆ ಅದು 51.2 ಜಿಬಿ ಆಗುತ್ತದೆ. 3600ಕ್ಕೆ ಏರಿಸಿದರೆ 57.6. ನೋಡಿದಿರಲ್ಲ, ದೊಡ್ಡ ನೆಗೆತ ಬರುವುದು ಎರಡನೇ ಸ್ಟಿಕ್‌ನಿಂದ. ಗೇಮ್ ಆಡುವಾಗ ಇದು ಕಣ್ಣಿಗೇ ಕಾಣುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ.

ಹಳೇ ಸ್ಟಿಕ್ ಜೊತೆಗೆ ಇನ್ನೊಂದು 8 ಜಿಬಿ ಸೇರಿಸಿದರೆ ಸಾಲದಾ ಅನ್ನಿಸಬಹುದು. ಕೆಲಸ ಮಾಡುತ್ತದೆ, ಆದರೆ ಓವರ್‌ಕ್ಲಾಕ್ ಆಸೆ ಬಿಡಬೇಕು. ಎರಡರಲ್ಲಿ ಯಾವುದು ನಿಧಾನವೋ ಅದರ ಹೆಜ್ಜೆಗೆ ಇನ್ನೊಂದೂ ನಿಲ್ಲಬೇಕಾಗುತ್ತದೆ. ಹಳೆಯದನ್ನು ಮಾರಿಬಿಡಿ.

ಈಗ ಚಿಪ್ ವಿಷಯಕ್ಕೆ ಬರೋಣ. ಡಬ್ಬಿಯ ಮೇಲೆ ನೂರು ಹೆಸರು ಕಾಣುತ್ತವೆ. ಆದರೆ ಒಳಗಿನ ಕಪ್ಪು ಚಿಪ್ ಮಾಡುವವರು ಮುಖ್ಯವಾಗಿ ಮೂರೇ ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಉಳಿದ ಹೆಚ್ಚಿನವರು ಅವರಿಂದ ಚಿಪ್ ಕೊಂಡು, ಬೋರ್ಡಿಗೆ ಕೂರಿಸಿ, ಮೇಲೊಂದು ಲೋಹದ ಕವಚ ಹಾಕಿ ಮಾರುತ್ತಾರೆ. ಸ್ಟಿಕ್ ಎಷ್ಟು ಓವರ್‌ಕ್ಲಾಕ್ ಆಗುತ್ತದೆ ಅನ್ನುವುದು ಚಿಪ್ಪಿಗೆ ಸೇರಿದ್ದು. ಕವಚ, ಆರ್‌ಜಿಬಿ ಲೈಟ್ ಇವುಗಳಿಂದ ಏನೂ ಆಗುವುದಿಲ್ಲ.

ಒಮ್ಮೆ ತಂಗಿಯ ಕಂಪ್ಯೂಟರಿಗೆ ಅಂತ ಒಂದು ಸ್ಟಿಕ್ ತಂದೆ. ಚೆನ್ನಾಗಿ ನಡೆಯಿತು. ಎರಡು ತಿಂಗಳು ಬಿಟ್ಟು ಅದೇ ಮಾಡೆಲ್, ಅದೇ ನಂಬರ್, ಅದೇ ಬಣ್ಣದ ಇನ್ನೊಂದು ತಂದು ಹಾಕಿದೆ. ಮೊದಲನೆಯದು ಒಂಟಿಯಾಗಿ 3600ರಲ್ಲಿ ಓಡುತ್ತಿತ್ತು. ಜೋಡಿ ಮಾಡಿದ ಮೇಲೆ 3333 ದಾಟಲಿಲ್ಲ. ಸಿಪಿಯು-ಝಡ್ ಅನ್ನುವ ಪುಕ್ಕಟೆ ಪ್ರೋಗ್ರಾಂ ತೆರೆದು ಎಸ್‌ಪಿಡಿ ಪುಟ ನೋಡಿದೆ. ಒಂದರಲ್ಲಿ ಒಬ್ಬರ ಚಿಪ್, ಇನ್ನೊಂದರಲ್ಲಿ ಬೇರೆಯವರ ಚಿಪ್! ಸ್ಟಿಕ್ಕರ್ ಮೇಲೆ ಅದರ ಸುಳಿವೇ ಇರಲಿಲ್ಲ. ಬ್ರ್ಯಾಂಡ್ ಹೆಸರು ಇಲ್ಲಿ ಬೇಡ. ಆವತ್ತಿನಿಂದ ನಾನು ಬಿಡಿ ಸ್ಟಿಕ್ ತಗೊಂಡಿಲ್ಲ. ಎರಡೂ ಒಂದೇ ಡಬ್ಬಿಯಲ್ಲಿ ಬರುವ ಕಿಟ್ಟನ್ನೇ ತಗೊಳ್ಳಿ.

ಕವಚ ಬಿಚ್ಚದೆ ಒಳಗೆ ಯಾವ ಚಿಪ್ ಇದೆ ಅಂತ ಊಹಿಸಲು ಒಂದು ದಾರಿ ಇದೆ. ಸ್ಟಿಕ್ಕರ್ ಮೇಲಿನ ಟೈಮಿಂಗ್, ಅಂದರೆ ಒಂದೊಂದು ಕೆಲಸಕ್ಕೂ ಕಾಯುವ ಹೆಜ್ಜೆಗಳ ಲೆಕ್ಕ ನೋಡಿ. ನಾಲ್ಕು ಸಂಖ್ಯೆ ಸಾಲಾಗಿ ಇರುತ್ತವೆ, 16-18-18-36 ಅನ್ನುವ ಹಾಗೆ. ಮೊದಲನೆಯದು ಸಿಎಲ್. ಎಲ್ಲರೂ ಅದನ್ನೊಂದೇ ನೋಡುತ್ತಾರೆ. ನೀವು ಎರಡನೆಯದನ್ನೂ ನೋಡಿ. ಅದು ಟಿಆರ್‌ಸಿಡಿ (ಚಿಪ್ಪಿನೊಳಗೆ ಡೇಟಾದ ಸಾಲು ತೆರೆಯಲು ಬೇಕಾದ ಹೊತ್ತು), ಚಿಪ್ಪಿನ ನಿಜವಾದ ಗುಣ ಹೇಳುವುದು ಅದೇ. 3200ರಲ್ಲಿ 14-14-14, ಅಥವಾ 3600ರಲ್ಲಿ 16-16-16 ಅಂತ ಸಮವಾಗಿ ಇದ್ದರೆ ಅದು ಹೆಚ್ಚುಕಮ್ಮಿ ಖಂಡಿತ ಸ್ಯಾಮ್‌ಸಂಗ್‌ನ ಬಿ-ಡೈ ಅನ್ನುವ ಚಿಪ್. ಡಿಡಿಆರ್4ನಲ್ಲಿ ಅದನ್ನು ಮೀರಿಸುವ ಚಿಪ್ ಇಲ್ಲ. ವೋಲ್ಟೇಜ್ ಕೊಟ್ಟ ಹಾಗೆ ಎಲ್ಲಾ ಟೈಮಿಂಗೂ ಇಳಿಯುತ್ತಾ ಹೋಗುತ್ತವೆ. ಆದರೆ ಬೆಲೆ ಜಾಸ್ತಿ, ಬಿಸಿಯಾದರೆ ತಪ್ಪು ಮಾಡುತ್ತದೆ. ನಿಮ್ಮ ಲೆಕ್ಕಕ್ಕೆ ಅದು ಬೇಡ.

3200ರಲ್ಲಿ 16-18-18 ಇದ್ದರೆ ಮೈಕ್ರಾನ್ ರೆವ್ ಇ ಅಥವಾ ಹೈನಿಕ್ಸ್ ಸಿಜೆಆರ್ ಇರುವ ಸಾಧ್ಯತೆ ಇದೆ, ಬೇರೆ ಚಿಪ್ಪೂ ಇರಬಹುದು. 16-20-20 ಇದ್ದರೆ ಸ್ವಲ್ಪ ಅನುಮಾನ ಪಡಿ. 22-22-22 ಇದ್ದರೆ ಅದು 1.2 ವೋಲ್ಟಿನ ಮಾಮೂಲಿ ಆಫೀಸ್ ರ‍್ಯಾಮ್. ಕೋರ್ಸೇರ್ ಸ್ಟಿಕ್ ಆದರೆ ಸ್ಟಿಕ್ಕರಿನಲ್ಲಿ ಸಣ್ಣ ಅಕ್ಷರದಲ್ಲಿ ವರ್ಷನ್ ನಂಬರ್ ಇರುತ್ತದೆ. 3ರಿಂದ ಶುರುವಾದರೆ ಮೈಕ್ರಾನ್, 4 ಅಂದರೆ ಸ್ಯಾಮ್‌ಸಂಗ್, 5 ಅಂದರೆ ಹೈನಿಕ್ಸ್. ಇಷ್ಟು ಸುಲಭದ ಗುರುತು ಬೇರೆ ಕಡೆ ಸಿಗುವುದು ಕಷ್ಟ.

ಅಂಗಡಿಯವರ 3600 ಕಿಟ್ಟಿನ ಸ್ಟಿಕ್ಕರ್ ನೀವೇ ಬರೆದಿದ್ದೀರಿ, 18-22-22-42. ಒಂದು ಲೆಕ್ಕ ಮಾಡಿ. ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. ಬರುವುದು ನ್ಯಾನೋಸೆಕೆಂಡಿನಲ್ಲಿ ಕಾಯುವ ಹೊತ್ತು. 3200 ಸಿಎಲ್16ಕ್ಕೆ 10 ಬರುತ್ತದೆ. 3600 ಸಿಎಲ್18ಕ್ಕೂ 10. ಇನ್ನು ಟಿಆರ್‌ಸಿಡಿ: 3200ರಲ್ಲಿ 18 ಅಂದರೆ 11.25, 3600ರಲ್ಲಿ 22 ಅಂದರೆ 12.2. ವೇಗ ಜಾಸ್ತಿ ಇರುವ ಕಿಟ್ಟೇ ಇಲ್ಲಿ ಹಿಂದೆ ಬಿದ್ದಿದೆ. ಎರಡೂ ಒಂದೇ ಬೆಲೆಗೆ ಸಿಕ್ಕರೆ 3600 ತಗೊಳ್ಳಿ, ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಡೇಟಾ) ಜಾಸ್ತಿ ಸಿಗುತ್ತದೆ. ಮೇಲೆ ದುಡ್ಡು ಕೇಳಿದರೆ ಬೇಡ.

3600 ಸಾಕು, 4400 ಯಾಕೆ ಬೇಡ ಅಂತ ಕೇಳುತ್ತೀರಿ. ನಿಮ್ಮ ಕಡೆಯ ಆಲೆಮನೆ ನೆನಪಿಸಿಕೊಳ್ಳಿ. ಗಾಣ ಎಷ್ಟೇ ಜೋರಾಗಿ ಕಬ್ಬು ಅರೆದರೂ ಆ ಹಾಲು ಕೊಪ್ಪರಿಗೆಯಲ್ಲಿ ಕುದಿಯಬೇಕಲ್ಲ? ರೈಜನ್ ಒಳಗೆ ಇನ್‌ಫಿನಿಟಿ ಫ್ಯಾಬ್ರಿಕ್ ಅಂತ ಒಳಭಾಗಗಳನ್ನು ಜೋಡಿಸುವ ಒಂದು ಸಂಪರ್ಕ ಇದೆ. ಅದು ರ‍್ಯಾಮ್ ಜೊತೆ ಸರಿಸಮ ಹೆಜ್ಜೆ ಹಾಕಬೇಕು. 3600 ರ‍್ಯಾಮ್‌ಗೆ ಫ್ಯಾಬ್ರಿಕ್ 1800 ಮೆಗಾಹರ್ಟ್ಸ್ (ಡಿಡಿಆರ್ ಒಂದು ಹೆಜ್ಜೆಗೆ ಎರಡು ಸಲ ಡೇಟಾ ಸಾಗಿಸುತ್ತದೆ, ಅದಕ್ಕೇ ಅರ್ಧ). ಹೆಜ್ಜೆ ತಪ್ಪಿದರೆ ಕಾಯುವ ಹೊತ್ತು ಒಮ್ಮೆಲೇ ಏರುತ್ತದೆ. 5600ಜಿಯಲ್ಲಿ ಒಂದು ಅನುಕೂಲ ಇದೆ. ಗ್ರಾಫಿಕ್ಸ್ ಇಲ್ಲದ 5600ಗಿಂತ ಇದರ ಫ್ಯಾಬ್ರಿಕ್ ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. 2000 ಮುಟ್ಟಿದರೆ ರ‍್ಯಾಮ್ 4000ದಲ್ಲೂ ಸರಿಸಮ ಓಡುತ್ತದೆ. ರೆವ್ ಇ ಚಿಪ್ ಇಂಥ ಕಡೆ ತುಂಬಾ ಖುಷಿ ಕೊಡುತ್ತದೆ. ವೇಗ ಚೆನ್ನಾಗಿ ಏರುತ್ತದೆ, ವೋಲ್ಟೇಜ್ ಕೊಟ್ಟರೆ ಸಿಎಲ್ ಇಳಿಯುತ್ತದೆ. ಟಿಆರ್‌ಸಿಡಿ ಮಾತ್ರ ವೋಲ್ಟೇಜಿಗೆ ಜಗ್ಗುವುದಿಲ್ಲ, ಅದನ್ನು ಸಡಿಲವಾಗಿಯೇ ಬಿಡಿ.

ಎಲ್ಲಿ ತಗೊಳ್ಳುವುದು ಅನ್ನುವುದು ಈಗ ಕಷ್ಟದ ಪ್ರಶ್ನೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಚಿಪ್ ಮಾಡುವವರು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ್ದಾರೆ. ಬಡವರ ಓವರ್‌ಕ್ಲಾಕ್ ರ‍್ಯಾಮ್ ಅಂದರೆ ಒಂದು ಕಾಲಕ್ಕೆ ಕ್ರೂಷಿಯಲ್ ಬ್ಯಾಲಿಸ್ಟಿಕ್ಸ್. ಮೈಕ್ರಾನ್‌ನದೇ ಬ್ರ್ಯಾಂಡ್, ಒಳಗೆ ರೆವ್ ಇ. ಅದನ್ನು 2022ರಲ್ಲೇ ನಿಲ್ಲಿಸಿದರು. 2025ರ ಡಿಸೆಂಬರಿನಲ್ಲಿ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಮೈಕ್ರಾನ್ ಹೇಳಿತು. ನನಗೆ ನಿಜವಾಗಿ ಬೇಜಾರಾದ ಸುದ್ದಿ ಅದು. ಹಾಗಾಗಿ ಹಳೇ ಬ್ಯಾಲಿಸ್ಟಿಕ್ಸ್ ಕಿಟ್ ಯಾರಾದರೂ ಮಾರುತ್ತಿದ್ದರೆ ಬಿಡಬೇಡಿ. ಪಾರ್ಟ್ ನಂಬರಿನ ಕೊನೆಯಲ್ಲಿ ಎಂ8ಎಫ್‌ಇ ಅಂತ ಇದ್ದರೆ ಅದೇ ನಿಮಗೆ ಬೇಕಾದ್ದು.

ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿದರೆ ಬೆಂಗಳೂರಿನ ಎಸ್‌ಪಿ ರೋಡ್‌ಗೂ ಹೋಗಿ ಬರಬಹುದು, ಮೈಸೂರಿಗೂ ಬರಬಹುದು. ಹಳೇ ರ‍್ಯಾಮ್ ಬಗ್ಗೆ ಭಯ ಬೇಡ. ಅದರಲ್ಲಿ ತಿರುಗುವ, ಸವೆಯುವ ಭಾಗ ಇಲ್ಲ. ನಾನು ತಂದ ಒಂದು ಕಿಟ್ಟಿನ ಚಿನ್ನದ ಬಣ್ಣದ ಹಲ್ಲುಗಳು ಕಪ್ಪಿಟ್ಟಿದ್ದವು. ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದೆ. ರಬ್ಬರಿನ ತುದಿ ಕಪ್ಪಾಯಿತು, ಹಲ್ಲು ಹೊಳೆಯಿತು. ಪುಡಿಯನ್ನು ಬಣ್ಣದ ಬ್ರಷ್ಷಿನಿಂದ ಗುಡಿಸಿ ಹಾಕಿದೆ. ಅದೇ ಕಿಟ್ ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿದೆ. ಹಲ್ಲಿನ ಹತ್ತಿರ ಸುಟ್ಟ ಕಲೆ ಇದ್ದರೆ ಮಾತ್ರ ವಾಪಸ್ ಕೊಟ್ಟುಬಿಡಿ.

ಮನೆಗೆ ತಂದ ಮೇಲೆ ಆತುರ ಬೇಡ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಮೊದಲು ಎಕ್ಸ್‌ಎಂಪಿ, ಅಂದರೆ ಕಿಟ್ಟಿನಲ್ಲೇ ಬರೆದಿಟ್ಟ ಸೆಟ್ಟಿಂಗ್ ಹಾಕಿ 3200ರಲ್ಲಿ ಎರಡು ದಿನ ಓಡಿಸಿ. ಆಮೇಲೆ ರ‍್ಯಾಮ್ ವೋಲ್ಟೇಜ್ 1.35ರಿಂದ 1.4ಕ್ಕೆ ತನ್ನಿ, ಟೈಮಿಂಗ್ 18-22-22-42ಕ್ಕೆ ಸಡಿಲ ಮಾಡಿ, ವೇಗ 3600, ಫ್ಯಾಬ್ರಿಕ್ 1800. ಬೂಟ್ ಆಗಿ ಸ್ಥಿರವಾಗಿ ಓಡಿದರೆ ಟೈಮಿಂಗಿನ ಒಂದೊಂದೇ ಸಂಖ್ಯೆ ಇಳಿಸುತ್ತಾ ಬನ್ನಿ. ಬೂಟ್ ಆಗದಿದ್ದರೆ ಗಾಬರಿಯಾಗಬೇಡಿ, ಕರೆಂಟ್ ತೆಗೆದು ಬೋರ್ಡಿನ ದುಂಡನೆಯ ಸೆಲ್ಲನ್ನು ಐದು ನಿಮಿಷ ಬಿಚ್ಚಿಡಿ. ಎಲ್ಲಾ ಮೊದಲಿನ ಸ್ಥಿತಿಗೆ ಬರುತ್ತದೆ. ಟಿಆರ್‌ಎಫ್‌ಸಿ ಅನ್ನುವ ಒಂದು ಟೈಮಿಂಗನ್ನು ಮರೆಯಬೇಡಿ. ಬೋರ್ಡ್ ತಾನಾಗಿ ಅದನ್ನು 3600ರಲ್ಲಿ 630ರ ಸುತ್ತ ಇಡುತ್ತದೆ. ರೆವ್ ಇ ಚಿಪ್ಪಾದರೆ 540, ಸಿಜೆಆರ್ ಆದರೆ 470ರ ಹತ್ತಿರ ಇಳಿಸಬಹುದು. ಪೈಸೆ ಖರ್ಚಿಲ್ಲದೆ ಸಿಗುವ ಲಾಭ ಇದು. ಓವರ್‌ಕ್ಲಾಕ್ ಮಾಡಿದರೆ ಪ್ರೊಸೆಸರಿನ ವಾರಂಟಿ ಹೋಗುತ್ತದೆ ಅಂತ ಎಎಂಡಿಯೇ ಹೇಳಿದೆ, ಅದೂ ಗೊತ್ತಿರಲಿ.

ಇನ್ನು ಟೆಸ್ಟಿಂಗ್. ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಮೊದಲ ಸಲ ನಾನು 3800ಕ್ಕೆ ಏರಿಸಿ ಇಪ್ಪತ್ತು ನಿಮಿಷ ಗೇಮ್ ಆಡಿದೆ. ಹ್ಯಾಂಗ್ ಆಗಲಿಲ್ಲ, ಸರಿಯಾಗಿದೆ ಅಂದುಕೊಂಡೆ. ಆ ವಾರವೇ ಅಣ್ಣನ ಮದುವೆ ಫೋಟೋಗಳನ್ನು ಕ್ಯಾಮೆರಾ ಕಾರ್ಡಿನಿಂದ ಕಾಪಿ ಮಾಡಿ ಕಾರ್ಡ್ ಅಳಿಸಿದ್ದೆ. ಧಾರೆಯ ಹೊತ್ತಿನ ಒಂದು ಫೋಟೋ ತೆರೆದರೆ ಅರ್ಧಕ್ಕೆ ಮೇಲೆ ಸರಿ, ಕೆಳಗೆಲ್ಲಾ ಬೂದು ಬಣ್ಣ. ಒಟ್ಟು ಹನ್ನೊಂದು ಫೋಟೋ ಹಾಗೆ ಹೋದವು. ರ‍್ಯಾಮ್ ತಪ್ಪು ಮಾಡಿದರೆ ಕಂಪ್ಯೂಟರ್ ಕೂಗಿ ಹೇಳುವುದಿಲ್ಲ, ಸುಮ್ನೆ ತಪ್ಪನ್ನೇ ಡಿಸ್ಕಿಗೆ ಬರೆದುಬಿಡುತ್ತದೆ. ನಿಮ್ಮ ಪ್ರಾಜೆಕ್ಟ್ ಫೈಲ್‌ಗೂ ಹೀಗೇ ಆಗಬಹುದು. ಅದಕ್ಕೇ ಮೊದಲು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿ. ಆಮೇಲೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5 ಓಡಿಸಿ, ಅದು ಮೊದಲನೆಯದಕ್ಕಿಂತ ಬಿಗಿ. ಒಂದೇ ಒಂದು ತಪ್ಪು ಬಂದರೂ ಒಂದು ಹೆಜ್ಜೆ ಹಿಂದೆ ಬನ್ನಿ. ಚಳಿಗಾಲದ ರಾತ್ರಿ ಪಾಸಾದದ್ದು ಏಪ್ರಿಲ್ ಮಧ್ಯಾಹ್ನ ಫೇಲ್ ಆಗಬಹುದು. ಬೇಸಿಗೆ ಬಂದಾಗ ಇನ್ನೊಮ್ಮೆ ಓಡಿಸಿ.

ಕಾಮೆಂಟಿನಲ್ಲಿ ಒಬ್ಬರು ಡಿಡಿಆರ್5 ಬಗ್ಗೆ ಕೇಳಿದ್ದರು. ಎಎಂಡಿಯ ಹೊಸ ಎಎಂ5 ಬೋರ್ಡಿಗೆ 6000 ಸಿಎಲ್30 ನೋಡಿ. 30-36-36 ಅಥವಾ 30-38-38 ಇದ್ದರೆ ಬಹುಪಾಲು ಹೈನಿಕ್ಸ್ ಚಿಪ್, ಈಗ ಅದೇ ಒಳ್ಳೆಯದು. ಇಂಟೆಲ್ ಎಚ್610 ಬೋರ್ಡ್ ಇದ್ದವರು ಓವರ್‌ಕ್ಲಾಕ್ ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ಆ ಚಿಪ್‌ಸೆಟ್‌ನಲ್ಲಿ ಮೆಮೊರಿ ಓವರ್‌ಕ್ಲಾಕ್‌ಗೆ ಅವಕಾಶ ಇಲ್ಲ.

ಅಂಗಡಿಗೆ ಹೋಗುವ ದಿನ ಜೇಬಿನಲ್ಲಿ ಎರಡು ಪೆನ್‌ಡ್ರೈವ್ ಇರಲಿ. ಒಂದರಲ್ಲಿ ಬೂಟ್ ಆಗುವ ಮೆಮ್‌ಟೆಸ್ಟ್86+, ಇನ್ನೊಂದರಲ್ಲಿ ಸಿಪಿಯು-ಝಡ್. ದುಡ್ಡು ಕೊಡುವ ಮೊದಲು ಅವರದೇ ಕಂಪ್ಯೂಟರಿಗೆ ಕಿಟ್ ಹಾಕಿಸಿ, ಎರಡೂ ಸ್ಟಿಕ್ಕಿನ ಚಿಪ್ ಒಬ್ಬರದೇನಾ ನೋಡಿ, ಒಂದು ಸುತ್ತು ಟೆಸ್ಟ್ ಮುಗಿಯುವವರೆಗೆ ಅಲ್ಲೇ ಕೂತಿರಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಡ ಅನ್ನುವುದಿಲ್ಲ. ಸ್ಟಿಕ್ಕರಿನ ನಾಲ್ಕು ಸಂಖ್ಯೆ ನೋಡಿ ಗೊಂದಲವಾದರೆ ಇಲ್ಲೇ ಕೆಳಗೆ ಬರೆಯಿರಿ, ಸಂಜೆ ಆರರ ಮೇಲೆ ನಾನು ನೋಡುತ್ತೇನೆ.