ಮಸಿಯ ಚಿತ್ರದಲ್ಲಿ ಏನು ಓದಬೇಕು?

ಪ್ರಶ್ನೆ: ಪ್ಯಾರಿಸ್‌ನಲ್ಲಿರುವ ಮಗಳು ಝಾವೋ ವೂ-ಕಿ ಅನ್ನುವವರ ಚಿತ್ರದ ಫೋಟೋ ಕಳಿಸಿದ್ದಾಳೆ. ಕಪ್ಪು ಮಸಿ, ನಡುವೆ ಬಿಳಿ ಜಾಗ, ಅಷ್ಟೇ. ಚೀನೀ ಅಕ್ಷರದ ಪ್ರಭಾವ ಅಂತಾಳೆ. ನಮ್ಮೂರ ಬಸ್ಸಿನ ಮಲಯಾಳ ಬೋರ್ಡೇ ನನಗೆ ಓದಲು ಬಾರದು, ಇದರಲ್ಲಿ ಏನು ಓದಲಿ ಮಾರಾಯ್ರೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಓದಬೇಡಿ, ಸುಮ್ನೆ ನೋಡಿ. 1920ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಝಾವೋ 1948ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಮಸಿಯಿಂದ ದೂರವೇ ಇದ್ದರು, 'ಚೀನಾದವನಲ್ವಾ, ಅದಕ್ಕೇ ಹೀಗೆ' ಅನ್ನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. 1950ರ ದಶಕದಲ್ಲಿ, ಆಮೆಚಿಪ್ಪು ಮತ್ತು ಎಲುಬಿನ ಮೇಲೆ ಮೂರು ಸಾವಿರ ವರ್ಷಗಳ ಹಿಂದೆ ಕೊರೆದ ಚೀನೀ ಬರಹವನ್ನು ನೆನಪಿಸುವ ಗೆರೆಗಳು ಅವರ ಎಣ್ಣೆಬಣ್ಣದ ಚಿತ್ರಗಳಿಗೆ ಬಂದವು. ಅರ್ಥ ಇಲ್ಲ, ಬರಹದ ಓಟ ಮಾತ್ರ ಇದೆ. 1970ರ ದಶಕದ ಆರಂಭದಲ್ಲಿ ಹೆಂಡತಿಗೆ ಕಾಯಿಲೆ, ದೊಡ್ಡ ಕ್ಯಾನ್ವಾಸ್ ಕೈ ಹತ್ತಲಿಲ್ಲ. ಆಗ ಗೆಳೆಯ, ಕವಿ ಆನ್ರಿ ಮಿಶೋ ಹುರಿದುಂಬಿಸಿದ ಮೇಲೆ ಮತ್ತೆ ಮಸಿ ಹಿಡಿದರು.

ಚೀನೀ ಮಸಿ ಅಂದರೆ ಹೊಗೆಕರಿಗೆ ಅಂಟು ಸೇರಿಸಿದ ಕಡ್ಡಿ, ಗಂಧದ ಹಾಗೆ ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಕಾಗದ ತಕ್ಷಣ ಹೀರುತ್ತದೆ, ತಿದ್ದಲು ಆಗಲ್ಲ. ಹಾಗಾಗಿ ಅಂಚು ನೋಡಿ: ನೀರು ಜಾಸ್ತಿ ಇದ್ದಲ್ಲಿ ಬೂದು ಹರಡಿರುತ್ತದೆ, ಕುಂಚ ಒಣಗಿದಲ್ಲಿ ಗೀರು ಬಿದ್ದಿರುತ್ತದೆ. ಮಗಳಿಗೆ ಹೇಳಿ, ಇನ್ನೊಂದು ಫೋಟೋ ಹತ್ತಿರದಿಂದ ತೆಗೆಯಲಿ.