ಕೊಲೆಗಾರನನ್ನು ಬಚ್ಚಿಟ್ಟ ಲೇಖನ: ಒಬ್ಬ ಹೊಸ ಬರಹಗಾರರಿಗೆ ಉತ್ತರ

ಆತ್ಮೀಯರೆ,

ಫ್ರೆಂಚ್ ನಿರ್ದೇಶಕ ಅಲೆನ್ ಗಿರೋದಿಯವರ ‘ಸ್ಟ್ರೇಂಜರ್ ಬೈ ದ ಲೇಕ್’ (2013) ಚಿತ್ರವನ್ನೂ ಅದಕ್ಕೆ ಬಂದ ಪ್ರತಿಕ್ರಿಯೆಯನ್ನೂ ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಅಚ್ಚುಕಟ್ಟಾಗಿದೆ. ಗಂಡಸರಿಬ್ಬರ ಆಕರ್ಷಣೆಯ ಬಗ್ಗೆ ಬರೆಯುವಾಗ ನಮ್ಮ ಲೇಖಕರಿಗೆ ಸಾಮಾನ್ಯವಾಗಿ ಅಂಟಿಕೊಳ್ಳುವ ಮುಜುಗರವಾಗಲಿ, ಅದನ್ನು ಮರೆಸಲು ತೋರುವ ಕನಿಕರವಾಗಲಿ ನಿಮ್ಮಲ್ಲಿಲ್ಲ. ಆದರೆ ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂದಿತು. ಉಳಿದುದನ್ನು ಬದಿಗಿಟ್ಟು ಅವೆರಡನ್ನೇ ಎತ್ತಿಕೊಳ್ಳುತ್ತೇನೆ.

ನಿಮ್ಮ ಎರಡನೆಯ ಪ್ಯಾರಾ ಹೀಗಿದೆ: ‘ಸರೋವರದ ದಡದಲ್ಲಿ ಒಂದು ಕೊಲೆ ನಡೆಯುತ್ತದೆ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ. ಅದನ್ನು ತೆರೆಯ ಮೇಲೆಯೇ ನೋಡಿ ಬೆರಗಾಗಬೇಕು.’ ಮೊದಲ ವಾಕ್ಯವನ್ನೇ ನೋಡಿ. ಕೊಲೆ ನಡೆಯುವುದು ದಡದಲ್ಲಲ್ಲ, ನೀರಿನಲ್ಲಿ. ಅದು ಸುಮ್ಮನೆ ‘ನಡೆಯುತ್ತದೆ’ ಎಂದರೆ ಸಾಲದು, ಏಕೆಂದರೆ ಅದನ್ನು ಒಬ್ಬ ನೋಡುತ್ತಿದ್ದಾನೆ. ಗಂಡಸರು ಗಂಡಸರನ್ನೇ ಅರಸಿ ಬರುವ ಆ ಸರೋವರದ ಬಳಿ, ಸಂಜೆ ಕಂತುವ ಹೊತ್ತಿನಲ್ಲಿ, ಚಿತ್ರದ ನಾಯಕ ಫ್ರಾಂಕ್ ಮರಗಳ ಮರೆಯಲ್ಲಿ ನಿಂತಿರುತ್ತಾನೆ. ದೂರದಲ್ಲಿ ಎರಡು ತಲೆಗಳು ಕಾಣುತ್ತವೆ, ಅವರು ಆಡುತ್ತಿದ್ದಾರೋ ಜಗಳವಾಡುತ್ತಿದ್ದಾರೋ ತಿಳಿಯುವುದಿಲ್ಲ. ಬಳಿಕ ಒಂದೇ ತಲೆ ಉಳಿಯುತ್ತದೆ. ಕ್ಯಾಮೆರಾ ಹತ್ತಿರ ಹೋಗುವುದಿಲ್ಲ, ಶಾಟ್ ಕತ್ತರಿಸುವುದಿಲ್ಲ, ಇಡೀ ಚಿತ್ರದಲ್ಲಿಯೇ ಇಲ್ಲದ ಹಿನ್ನೆಲೆ ಸಂಗೀತ ಇಲ್ಲಿಯೂ ಇಲ್ಲ. ಫ್ರಾಂಕ್ ಮೋಹಿಸಿದ ಮಿಶೆಲ್ ಈಜಿಕೊಂಡು ದಡಕ್ಕೆ ಬಂದು, ಬಟ್ಟೆ ತೊಟ್ಟುಕೊಂಡು ಹೊರಟುಹೋಗುತ್ತಾನೆ. ಇದೆಲ್ಲ ಆಗುವುದು ಚಿತ್ರದ ಮೊದಲರ್ಧದಲ್ಲಿ.

ಕೊಲೆಗಾರ ಯಾರೆಂಬುದನ್ನು ನಿರ್ದೇಶಕರೇ ಅಷ್ಟು ಬೇಗ ಹೇಳಿಬಿಟ್ಟಿರುವಾಗ ನೀವು ಯಾವ ಗುಟ್ಟನ್ನು ಕಾಯುತ್ತಿದ್ದೀರಿ? ಚಿತ್ರದ ರೋಮಾಂಚನವಿರುವುದು ಅದರ ನಂತರ: ಎಲ್ಲವನ್ನೂ ಕಣ್ಣಾರೆ ಕಂಡ ಫ್ರಾಂಕ್ ಮತ್ತೆ ಅದೇ ದಡಕ್ಕೆ ಏಕೆ ಬರುತ್ತಾನೆ, ಅದೇ ಮಿಶೆಲ್‌ನ ತೋಳಿಗೆ ಏಕೆ ಹೋಗುತ್ತಾನೆ, ವಿಚಾರಣೆಗೆ ಬಂದ ಇನ್‌ಸ್ಪೆಕ್ಟರ್‌ಗೆ ಏಕೆ ಸುಳ್ಳು ಹೇಳುತ್ತಾನೆ? ನೋಡುಗನ ಕಸಿವಿಸಿಯೂ ಅಲ್ಲಿಂದಲೇ ಹುಟ್ಟುತ್ತದೆ. ಫ್ರಾಂಕ್ ಕಂಡದ್ದನ್ನು ತಾನೂ ಕಂಡು, ಅವನು ಸುಮ್ಮನಿರುವಾಗ ತಾನೂ ಕತ್ತಲಲ್ಲಿ ಸುಮ್ಮನೆ ಕುಳಿತಿರಬೇಕು. ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಕುರಿತು ಬರೆಯಲು ಹೊರಟ ನೀವು ಆ ಪ್ರತಿಕ್ರಿಯೆಯ ಬೇರನ್ನೇ ‘ಹೇಳುವುದಿಲ್ಲ’ ಎಂದು ಮುಚ್ಚಿಟ್ಟಿದ್ದೀರಿ.

ನಾನು ಕರಡು ತಿದ್ದಲು ಸೇರಿದ ವಾರಪತ್ರಿಕೆಯಲ್ಲಿ ಪತ್ತೇದಾರಿ ಧಾರಾವಾಹಿಗಳಿಗೆ ತುಂಬ ಬೇಡಿಕೆಯಿತ್ತು. ಕಾದಂಬರಿಯ ಹಸ್ತಪ್ರತಿ ಇಡಿಯಾಗಿ ಕೈಗೆ ಬರುತ್ತಿದ್ದುದರಿಂದ ಅಚ್ಚಿನ ಮೊಳೆ ಜೋಡಿಸುವವರು ಮೊದಲು ಕೊನೆಯ ಅಧ್ಯಾಯವನ್ನೇ ಓದಿಬಿಡುತ್ತಿದ್ದರು. ಆದರೂ ಪ್ರತಿ ಕಂತು ಜೋಡಿಸುವಾಗ ಅವರಲ್ಲಿ ಜಗಳ ತಪ್ಪುತ್ತಿರಲಿಲ್ಲ. ಕೊಂದವನು ಮೈದುನನೆಂದು ಗೊತ್ತಿದ್ದೂ ಅತ್ತಿಗೆ ಅವನಿಗೆ ಊಟ ಬಡಿಸಿದ್ದೇಕೆ ಎಂದು ಹಿರಿಯ ಕಂಪೋಸಿಟರ್ ಒಬ್ಬರು ಕೈಯಲ್ಲಿ ಮೊಳೆ ಹಿಡಿದುಕೊಂಡೇ ವಾದಿಸುತ್ತಿದ್ದುದು ನನಗಿನ್ನೂ ನೆನಪಿದೆ. ಹೆಸರು ಬಚ್ಚಿಡುವುದಷ್ಟೇ ರಹಸ್ಯವಲ್ಲ ಎಂಬುದನ್ನು ನಾನು ಕಲಿತದ್ದು ಸಂಪಾದಕರಿಂದಲ್ಲ, ಅವರಿಂದ.

ಇನ್ನು ನಾಲ್ಕನೆಯ ಪುಟದ ಈ ಸಾಲು: ‘ಇಂತಹ ಚಿತ್ರಗಳನ್ನು ಸಲಿಂಗಪ್ರೇಮಿಗಳು ಸ್ವಾಗತಿಸಿದರು, ಸಂಪ್ರದಾಯಸ್ಥರು ವಿರೋಧಿಸಿದರು, ಪ್ರೇಕ್ಷಕರು ಬೆಚ್ಚಿಬಿದ್ದರು.’ ಮೂರು ಮಾತು, ಮೂರೂ ನೋಡದೆ ಬರೆದವು.

ಸ್ವಾಗತಿಸಿದರೆ? 1979ರ ಬೇಸಿಗೆಯಲ್ಲಿ ಅಮೆರಿಕದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ನ್ಯೂಯಾರ್ಕಿನ ಗೇ ಬಾರುಗಳ ನಡುವೆ ನಡೆಯುವ ಸರಣಿ ಕೊಲೆಗಳ ಕಥೆಯಾದ ‘ಕ್ರೂಸಿಂಗ್’ ಚಿತ್ರೀಕರಿಸುತ್ತಿದ್ದಾಗ, ‘ವಿಲೇಜ್ ವಾಯ್ಸ್’ ಪತ್ರಿಕೆಯ ಅಂಕಣಕಾರ ಆರ್ಥರ್ ಬೆಲ್ ಅದಕ್ಕೆ ಅಡ್ಡಿಪಡಿಸಿರೆಂದು ಓದುಗರಿಗೆ ಕರೆಕೊಟ್ಟರು. ಗೇ ಜನರೇ ಬೀದಿಗಿಳಿದು ಸೀಟಿ ಊದಿದರು, ಮಹಡಿಗಳಿಂದ ಕನ್ನಡಿ ಹಿಡಿದು ಬೆಳಕು ಕೆಡಿಸಿದರು. ಗದ್ದಲಕ್ಕೆ ಹಾಳಾದ ಸಂಭಾಷಣೆಯನ್ನು ನಂತರ ಡಬ್ ಮಾಡಬೇಕಾಯಿತು. ತೆರೆಯ ಮೇಲೆ ತಮ್ಮವನು ಬಂದರೆ ಒಂದೋ ಕೊಲೆಗಾರ, ಇಲ್ಲವೇ ಹೆಣ ಎಂಬುದನ್ನು ಅವರು ಸಾಕಷ್ಟು ನೋಡಿದ್ದರು. ಹಾಗೆಂದು ಅವರೆಲ್ಲರದೂ ಒಂದೇ ದನಿಯಾಗಿರಲಿಲ್ಲ. ಆ ಬಾರುಗಳಿಗೆ ನಿತ್ಯ ಬರುತ್ತಿದ್ದ ನೂರಾರು ಮಂದಿ ಒಳಗೆ ಅದೇ ಚಿತ್ರದ ಸಹನಟರಾಗಿ ನಿಂತಿದ್ದರು. 1980ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ, ಇದು ಸಲಿಂಗಿಗಳ ಇಡೀ ಲೋಕವನ್ನು ಪ್ರತಿನಿಧಿಸುವುದಿಲ್ಲವೆಂಬ ಒಕ್ಕಣೆ ಚಿತ್ರದ ಆರಂಭದಲ್ಲಿತ್ತು.

ಎರಡನೆಯ ಮಾತು ಅರ್ಧ ನಿಜ. 2013ರ ಜೂನಿನಲ್ಲಿ, ಫ್ರಾನ್ಸಿನಲ್ಲಿ ಸಲಿಂಗ ವಿವಾಹದ ಕಾನೂನು ಬಂದು ಇನ್ನೂ ತಿಂಗಳಾಗಿತ್ತಷ್ಟೇ, ವರ್ಸೇಲ್ಸ್ ಮತ್ತು ಸ್ಯಾಂ ಕ್ಲೂ ಪಟ್ಟಣಗಳಲ್ಲಿ ಗಿರೋದಿ ಚಿತ್ರದ ಪೋಸ್ಟರುಗಳನ್ನು ತೆಗೆಸಲಾಯಿತು. ಆದರೆ ಆ ತಕರಾರು ಇಬ್ಬರು ಗಂಡಸರು ಚುಂಬಿಸುವ, ಪೋಸ್ಟರಿನಲ್ಲಿದ್ದ ಒಂದು ವರ್ಣಚಿತ್ರದ ಮೇಲಿನದು, ಸಿನಿಮಾದ ಮೇಲಿನದಲ್ಲ. ಪೋಸ್ಟರ್ ನೋಡಿ ಸಿಡುಕಿದವರನ್ನು ಸಿನಿಮಾ ನೋಡಿದವರ ಲೆಕ್ಕಕ್ಕೆ ಸೇರಿಸಬೇಡಿ.

ಮೂರನೆಯದೇ ನನಗೆ ಹೆಚ್ಚು ಚುಚ್ಚಿದ್ದು. ಯಾವ ಪ್ರೇಕ್ಷಕರು? ಕಾನ್ ಉತ್ಸವದ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗದಲ್ಲಿ ಗಿರೋದಿಯವರಿಗೆ ನಿರ್ದೇಶನದ ಪ್ರಶಸ್ತಿ ಕೊಟ್ಟವರೆ? ಅಥವಾ ನಮ್ಮವರೆ? ಇನ್‌ಸ್ಪೆಕ್ಟರ್ ಫ್ರಾಂಕ್‌ನನ್ನು ಕೆಣಕುವ ದೃಶ್ಯ ನೆನಪಿಸಿಕೊಳ್ಳಿ: ನಿಮ್ಮವನೇ ಒಬ್ಬ ಸತ್ತಿದ್ದಾನೆ, ನೀವೆಲ್ಲ ಏನೂ ಆಗದವರಂತೆ ಅದೇ ಜಾಗಕ್ಕೆ ಬರುತ್ತಿದ್ದೀರಲ್ಲ ಎಂಬ ಅರ್ಥದ ಮಾತು. ಅದು ಒಬ್ಬ ನೋಡುಗನಿಗೆ ನ್ಯಾಯವಾದ ಪ್ರಶ್ನೆಯಾಗಿ, ಇನ್ನೊಬ್ಬನಿಗೆ ಪೊಲೀಸರ ಹಳೆಯ ಹೀಯಾಳಿಕೆಯಾಗಿ ಕೇಳಿಸಬಹುದು. ಈ ಚಿತ್ರ ಬಂದ ವರ್ಷವೇ, ಡಿಸೆಂಬರ್ 11ರಂದು, ನಮ್ಮ ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ರದ್ದುಮಾಡಿ, ಸಲಿಂಗಕಾಮವನ್ನು ಅಪರಾಧವೆನ್ನುವ 377ನೇ ಸೆಕ್ಷನ್ನನ್ನು ಮರಳಿ ಜಾರಿಗೆ ತಂದಿತು. 2018ರ ಸೆಪ್ಟೆಂಬರ್ 6ರವರೆಗೆ ಅದು ಹಾಗೆಯೇ ಇತ್ತು. ಆ ಐದು ವರ್ಷಗಳಲ್ಲಿ ಬೆಂಗಳೂರಿನ ತನ್ನ ಕೋಣೆಯಲ್ಲಿ ಕುಳಿತು ಇದನ್ನು ನೋಡಿದ ಒಬ್ಬನಿಗೆ, ಸಾಕ್ಷಿಯಾದವನು ಠಾಣೆಗೆ ಏಕೆ ಹೋಗಲಿಲ್ಲವೆಂಬುದು ಒಗಟೇ ಅಲ್ಲ, ಏಕೆಂದರೆ ಅಲ್ಲಿ ನಿನಗೇನು ಕೆಲಸವಿತ್ತು ಎಂಬ ಮೊದಲ ಪ್ರಶ್ನೆಗೇ ಅವನ ಬಳಿ ಹೇಳಬಹುದಾದ ಉತ್ತರವಿರುತ್ತಿರಲಿಲ್ಲ. ಪ್ಯಾರಿಸ್ಸಿನ ನೋಡುಗ ಮೋಹವೆಂದು ಓದಿಕೊಂಡ ಮೌನವನ್ನು ಇವನು ಭಯವೆಂದೂ ಓದಿಕೊಳ್ಳಬಲ್ಲ. ಇದು ನಿಮ್ಮ ಲೇಖನದಲ್ಲಿ ಇರಬೇಕಾಗಿತ್ತು. ಇದರ ಬದಲು ‘ನಮ್ಮಲ್ಲಿ ಇದಕ್ಕೆ ಪ್ರೇಕ್ಷಕರಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬೆಂಗಳೂರಿನಲ್ಲಿ ಕ್ವೀರ್ ಚಿತ್ರೋತ್ಸವವೇ ನಡೆದುಕೊಂಡು ಬಂದಿದೆ ಎಂಬುದನ್ನಾದರೂ ವಿಚಾರಿಸಬಹುದಿತ್ತು.

ಇಡೀ ಲೇಖನವನ್ನು ಮತ್ತೆ ಬರೆಯಬೇಕಾಗಿಲ್ಲ. ಎರಡನೆಯ ಪ್ಯಾರಾದಲ್ಲಿ ಕೊಲೆಗಾರನ ಹೆಸರು ಬರಲಿ. ನಾಲ್ಕನೆಯ ಪುಟಕ್ಕಾಗಿ ಈ ಚಿತ್ರ ನೋಡಿರುವ ಇಬ್ಬರು ಮೂವರನ್ನು ಹುಡುಕಿ, ಆ ನೀರಿನ ದೃಶ್ಯ ಮುಗಿದ ಮೇಲೆ ಫ್ರಾಂಕ್ ಏನು ಮಾಡಲೆಂದು ಬಯಸಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಹೆಸರು ಹಾಕದೆ ಬರೆಯಿರಿ. ಪುಟ ಹೆಚ್ಚಾದರೆ ಚಿಂತೆಯಿಲ್ಲ, ಜಾಗ ಮಾಡಿಕೊಡುತ್ತೇನೆ.

ಸಂಪಾದಕ