ಇಬ್ಬರಿಗೆ ನಲವತ್ತು ಅಡಿಯ ದೋಣಿ ಬೇಕೆ?

ಪ್ರಶ್ನೆ: ಎರಡು ವರ್ಷದಿಂದ 14 ಅಡಿಯ ಡಿಂಗಿಯಲ್ಲಿ, ಅಂದರೆ ಪುಟ್ಟ ತೆರೆದ ದೋಣಿಯಲ್ಲಿ, ಹಾಯಿದೋಣಿ ನಡೆಸುವುದನ್ನು ಕಲಿತಿದ್ದೇನೆ. ಈಗ ರಾತ್ರಿ ಮಲಗಲು ಜಾಗವಿರುವ ದೋಣಿ ಕೊಳ್ಳಬೇಕೆಂದಿದ್ದೇವೆ. ಹೋಗುವುದು ನಾನು, ನನ್ನ ಹೆಂಡತಿ ಇಬ್ಬರೇ, ದಡದಿಂದ ಹೆಚ್ಚು ದೂರವಿಲ್ಲ. ಅಚ್ಚುಕಟ್ಟಾದ 31 ಅಡಿಯದೊಂದನ್ನು ನೋಡಿದೆವು. ಅದೇ ಬೆಲೆಗೆ ಹಳೆಯ 40 ಅಡಿಯದೂ ಇದೆ. ‘ದೊಡ್ಡದೇ ಸುರಕ್ಷಿತ, ಚಿಕ್ಕದು ಹೇಗೂ ಎರಡು ವರ್ಷಕ್ಕೆ ಸಾಲದಾಗುತ್ತದೆ’ ಎನ್ನುತ್ತಾರೆ ಗೆಳೆಯರು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಇಬ್ಬರೇ’ ಎಂಬ ಮಾತಿನ ಮೇಲೆ. 31 ಅಡಿಯದನ್ನೇ ಆರಿಸಿ.

ಉದ್ದದ ಜೊತೆಗೆ ಅಗಲ, ಆಳಗಳೂ ಬೆಳೆಯುತ್ತವೆ. ವಿನ್ಯಾಸ ಒಂದೇ ಬಗೆಯದಾದರೆ 40 ಅಡಿಯದರ ತೂಕ 31 ಅಡಿಯದರ ಎರಡು ಪಟ್ಟನ್ನೂ ಮೀರುತ್ತದೆ. ಹಾಯಿಯೂ ಅದಕ್ಕೆ ತಕ್ಕಂತೆ ದೊಡ್ಡದು. ಗಾಳಿಯ ವೇಗ 10 ನಾಟ್‌ನಿಂದ 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಡಿಂಗಿಯಲ್ಲಿ ಗಾಳಿ ಹೆಚ್ಚಾದರೆ ಹಗ್ಗ ಬಿಟ್ಟರಾಯಿತು, ಮಗುಚಿದರೆ ಎತ್ತಿ ನಿಲ್ಲಿಸಿದರಾಯಿತು. ದೊಡ್ಡ ದೋಣಿಯಲ್ಲಿ ಹಗ್ಗವನ್ನು ವಿಂಚಿಗೆ (ಹಗ್ಗ ಎಳೆಯುವ ರಾಟೆಗೆ) ಸುತ್ತದೆ ಹಿಡಿಯುವಂತಿಲ್ಲ. ಸುತ್ತಿನೊಳಗೆ ಬೆರಳು ಸಿಕ್ಕಿದರೆ ಬೆರಳೇ ಹೋದೀತು.

ಆದರೆ ಹೊಸಬರು ನಿಜವಾಗಿ ಬೆವರುವುದು ನಡುಗಡಲಿನಲ್ಲಲ್ಲ, ಜೆಟ್ಟಿಯ ಹತ್ತಿರ. ಪಕ್ಕದಿಂದ ಗಾಳಿ, ಇಕ್ಕಟ್ಟಾದ ಜಾಗ, ಸುತ್ತ ಬೇರೆಯವರ ದೋಣಿಗಳು, ನೋಡಲು ನಿಂತ ಜನ. ನಾಲ್ಕೈದು ಟನ್ನಿನ ದೋಣಿಯಾದರೆ ಗೂಟಕ್ಕೆ ಹಗ್ಗ ಸುತ್ತಿ ಒಬ್ಬರೇ ನಿಲ್ಲಿಸಬಹುದು. ಎಂಟೊಂಬತ್ತು ಟನ್ ಆದರೆ ತಪ್ಪು ತಿದ್ದಿಕೊಳ್ಳಲು ಅಷ್ಟು ಹೊತ್ತು ಸಿಗುವುದಿಲ್ಲ. (ಯಾವ ದೋಣಿಯನ್ನೂ ಕಾಲು ಚಾಚಿ ತಡೆಯಲು ಹೋಗಬೇಡಿ.) ಎರಡು ಸಲ ಹೀಗೆ ಎದೆ ಡವಗುಟ್ಟಿದರೆ ಮೂರನೆಯ ವಾರ ‘ಈ ಸಲ ಬೇಡ ಬಿಡಿ’ ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ. ದೊಡ್ಡ ದೋಣಿಗಳು ಕಟ್ಟಿದಲ್ಲೇ ಪಾಚಿ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಸುರಕ್ಷತೆಯ ಮಾತು ಪೂರ್ತಿ ಸುಳ್ಳಲ್ಲ. ದೊಡ್ಡ ದೋಣಿಯನ್ನು ಮಗುಚಲು ದೊಡ್ಡ ಅಲೆಯೇ ಬೇಕು. ಆದರೆ ಉದ್ದವೊಂದೇ ಕಾಯುವುದಿಲ್ಲ. 1979ರಲ್ಲಿ ಫಾಸ್ಟ್‌ನೆಟ್ ಎಂಬ ಇಂಗ್ಲೆಂಡಿನ ಹಾಯಿದೋಣಿ ರೇಸ್‌ಗೆ 303 ದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ‘ಅಸೆಂಟ್’ ಒಂದೇ. ಅದು 32 ಅಡಿಯ ಕಾಂಟೆಸ್ಸಾ ಮಾದರಿಯದು. ಒಡಲು ಕಿರಿದು, ಕೀಲ್ (ದೋಣಿಯನ್ನು ನೆಟ್ಟಗಿಡಲು ತಳದಲ್ಲಿ ಜೋಡಿಸಿದ ತೂಕದ ಭಾಗ) ಭಾರದ್ದು, ಎಷ್ಟು ವಾಲಿದರೂ ಮತ್ತೆ ನೆಟ್ಟಗಾಗುವ ಗುಣದ್ದು. ಯುರೋಪಿನ ನಿಯಮದಂತೆ ದೋಣಿಗಳಿಗೆ ಎ, ಬಿ, ಸಿ, ಡಿ ಎಂಬ ದರ್ಜೆಗಳಿವೆ. ‘ಬಿ’ ಎಂದರೆ ಬ್ಯೂಫೋರ್ಟ್ ಎಂಬ ಗಾಳಿಯ ಮಾಪನದಲ್ಲಿ 8ರವರೆಗಿನ ಗಾಳಿ, 4 ಮೀಟರ್‌ವರೆಗಿನ ಅಲೆಗೆ ತಕ್ಕ ವಿನ್ಯಾಸ. ನಿಮ್ಮ ಓಡಾಟಕ್ಕೆ ಅದು ಧಾರಾಳ.

ಇನ್ನು, 40 ಅಡಿಯದು ಅದೇ ಬೆಲೆಗೆ ಯಾಕೆ ಸಿಗುತ್ತಿದೆ? ಬಾಕಿ ಉಳಿದ ಖರ್ಚನ್ನು ಮಾಲೀಕರು ನಿಮ್ಮ ಹೆಗಲಿಗೆ ದಾಟಿಸುತ್ತಿರಬಹುದು. ಕೂವೆಯನ್ನು, ಅಂದರೆ ಹಾಯಿಯ ಕಂಬವನ್ನು, ಬಿಗಿದು ನಿಲ್ಲಿಸುವ ಸ್ಟೀಲ್ ತಂತಿಗಳನ್ನು ಸಾಮಾನ್ಯವಾಗಿ 10–15 ವರ್ಷಕ್ಕೊಮ್ಮೆ ಬದಲಿಸಬೇಕು. ಹೊರಗೆ ಹೊಳೆಯುತ್ತಿದ್ದರೂ ತುದಿಯ ಹಿಡಿಕೆಯೊಳಗೆ ಬಿರುಕಿರಬಹುದು. ಕೊಂಡದ್ದು ಅಗ್ಗಕ್ಕಾದರೂ ರಿಪೇರಿಯ ಬಿಲ್ಲು 40 ಅಡಿಯ ಲೆಕ್ಕದಲ್ಲೇ ಬರುತ್ತದೆ.

ಯಾವುದನ್ನೇ ಕೊಳ್ಳಿ, ಮಾರುವವರಿಗೆ ಸಂಬಂಧವಿಲ್ಲದ ಸರ್ವೇಯರ್ ಒಬ್ಬರಿಂದ, ನೀರಿನಿಂದ ಮೇಲೆತ್ತಿಸಿ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ನೀವೇ ಡೆಕ್ಕಿನ ಮೇಲೆ ಬರಿಗಾಲಲ್ಲಿ ನಡೆಯಿರಿ. ಅನೇಕ ಫೈಬರ್‌ಗ್ಲಾಸ್ ಡೆಕ್ಕುಗಳ ನಡುವೆ ಬಾಲ್ಸಾ ಮರದ ಪದರವಿರುತ್ತದೆ. ಸ್ಕ್ರೂ ತೂತುಗಳಿಂದ ಇಳಿದ ನೀರಿಗೆ ಅದು ಕೊಳೆತಿದ್ದರೆ ಕಾಲಡಿಯಲ್ಲಿ ಮೆತ್ತಗೆ ಕುಸಿಯುತ್ತದೆ, ತಟ್ಟಿದರೆ ‘ಟಣ್’ ಎನ್ನದೆ ‘ದಪ್’ ಎನ್ನುತ್ತದೆ. ನೀವು ಬರುವ ಮುನ್ನ ಎಂಜಿನ್ ಚಾಲೂ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿ; ಬಿಸಿಯಾದ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ದೋಣಿ ಎಂದಾದರೂ ನೆಲಕ್ಕೆ ತಾಗಿತ್ತೆ ಎಂದು ನೇರವಾಗಿ ಕೇಳಿ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ಸುಮಾರು 40 ಅಡಿಯ ದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿ ನಾಲ್ವರೂ ಸತ್ತರು. ಹಿಂದೆ ನೆಲಕ್ಕೆ ತಾಗಿದ್ದೂ ಕೀಲ್ ಕೂಡಿದ ಜಾಗವನ್ನು ಸಡಿಲಗೊಳಿಸಿರಬಹುದು ಎಂದು ತನಿಖೆ ಹೇಳಿತು.

ದೋಣಿಯ ತಳದುದ್ದಕ್ಕೂ ಚಾಚಿದ ಉದ್ದ ಕೀಲ್ ಒಳ್ಳೆಯದೋ, ಗಿಡ್ಡ ಫಿನ್ ಕೀಲ್ ಒಳ್ಳೆಯದೋ ಎಂಬ ಜಗಳ ಮುಗಿಯುವಂಥದ್ದಲ್ಲ. ಉದ್ದ ಕೀಲಿನದು ನೇರ ಹೋಗುವುದರಲ್ಲಿ ಜಾಣ, ಹಿಂದಕ್ಕೆ ಚಲಿಸುವಾಗ ಹೇಳಿದ ಮಾತು ಕೇಳದು. ಜೆಟ್ಟಿಯ ಭಯವಿದ್ದವರಿಗೆ ನಾನು ಹೇಳುವುದು ಫಿನ್.

ಎರಡು ವರ್ಷಕ್ಕೆ ಚಿಕ್ಕದಾಯಿತು ಅನ್ನಿಸಿದರೆ ಮಾರಿ. ಚೆನ್ನಾಗಿಟ್ಟ 31 ಅಡಿಯದಕ್ಕೆ ಗಿರಾಕಿ ಸುಲಭ. ಮುಂಗಡ ಕೊಡುವ ಮುನ್ನ 15 ನಾಟ್ ಗಾಳಿಯಿರುವ ದಿನ ಮಾಲೀಕರ ಜೊತೆ ಹೊರಡಿ. ಅವರನ್ನು ಸುಮ್ಮನೆ ಕೂರಿಸಿ, ಮೇನ್‌ಸೇಲನ್ನು (ಮುಖ್ಯ ಹಾಯಿಯನ್ನು) ಸ್ವಲ್ಪ ಇಳಿಸಿ ಕಟ್ಟಿ ಚಿಕ್ಕದಾಗಿಸುವ ಕೆಲಸ, ಅಂದರೆ ರೀಫ್, ನೀವಿಬ್ಬರೇ ಮಾಡಿ. ಆಮೇಲೆ ಜಾಗ ಬದಲಿಸಿಕೊಂಡು ಇನ್ನೊಮ್ಮೆ ಮಾಡಿ, ಈ ಸಲ ಚುಕ್ಕಾಣಿ ನಿಮ್ಮ ಹೆಂಡತಿಯವರ ಕೈಯಲ್ಲಿರಲಿ. ವಾಪಸು ಬಂದು ಜೆಟ್ಟಿಗೆ ಕಟ್ಟುವುದೂ ಅವರ ಕೈಯಿಂದಲೇ ಆಗಲಿ.